ಇಪ್ಪತ್ತಕ್ಕೆ ಹತ್ತೊಂಬತ್ತು

ಪದವಿ ತರಗತಿಗಳಿಗೆಲ್ಲ ಪರಿಸರ ಅಧ್ಯಯನ ಕಡ್ಡಾಯವಾದ ಹೊಸತು. ಬಿ.ಎ. ಇರಲಿ, ಬಿ.ಕಾಂ. ಇರಲಿ, ಮೊದಲ ವರ್ಷದಲ್ಲಿ ಆ ಒಂದು ಪತ್ರಿಕೆ ಪಾಸಾಗಲೇಬೇಕಿತ್ತು. ಕಲಿಸುವವರು ಮಾತ್ರ ಯಾರೂ ಇರಲಿಲ್ಲ. ಕಾಯಂ ಅಧ್ಯಾಪಕರು ಅದು ತಮ್ಮ ವಿಷಯವಲ್ಲವೆಂದು ಕೈತೊಳೆದುಕೊಂಡಿದ್ದರು. ಹೀಗಾಗಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಹಾವೇರಿಯ ಮನೆಯಲ್ಲಿ ಕುಳಿತಿದ್ದ ನನಗೆ ಒಂದೇ ಸಲ ಮೂರು ಕಾಲೇಜು ಸಿಕ್ಕವು. ವಾರದ ಮೊದಲ ಎರಡು ದಿನ ಹಾವೇರಿ, ನಡುವಿನ ಎರಡು ದಿನ ರಾಣೆಬೆನ್ನೂರು, ಕೊನೆಯ ಎರಡು ದಿನ ಬ್ಯಾಡಗಿ. ನಾನು ಅತಿಥಿ ಉಪನ್ಯಾಸಕಿ. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಉತ್ತರಪತ್ರಿಕೆಗಳ ಕಟ್ಟನ್ನು ಎದೆಗೆ ಅವಚಿಕೊಂಡು ನಿಲ್ಲುತ್ತಿದ್ದೆ.

ಮೊದಲ ಕಿರುಪರೀಕ್ಷೆ ಇಪ್ಪತ್ತು ಅಂಕದ್ದು. ಮೂರೂ ಊರಿನ ಪತ್ರಿಕೆಗಳನ್ನು ತಿದ್ದಲು ಕುಳಿತಾಗ ಒಬ್ಬರದೇ ಪತ್ರಿಕೆಯನ್ನು ನೂರಾರು ಸಲ ಓದಿದಂತಾಯಿತು. ಎಲ್ಲರೂ ಒಂದೇ ಗೈಡನ್ನು ಬಾಯಿಪಾಠ ಮಾಡಿದ್ದರು. ಆ ಗೈಡಿನಲ್ಲಿ 'ಜೀವವೈವಿಧ್ಯ' ಎಂಬುದು 'ಜೀವವೈದ್ಯ' ಎಂದು ತಪ್ಪಾಗಿ ಅಚ್ಚಾಗಿತ್ತು. ಜೀವವೈದ್ಯವನ್ನು ಸಂರಕ್ಷಿಸುವುದು ನಮ್ಮೆಲ್ಲರ ಕರ್ತವ್ಯ ಎಂದು ಹಾವೇರಿಯವರೂ ಬರೆದಿದ್ದರು, ಬ್ಯಾಡಗಿಯವರೂ ಬರೆದಿದ್ದರು. ಮೊದಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಮೂರು ತಿಂಗಳು ನಾನು ಗಂಟಲು ಹರಿದುಕೊಂಡದ್ದು ಯಾರ ಕಿವಿಗೆ ಬಿತ್ತು ಎಂದು ಕೆಂಪು ಪೆನ್ನು ಹಿಡಿದು ಕುಳಿತೇ ಇದ್ದೆ.

ಆ ರಾಶಿಯಲ್ಲಿ ಒಂದೇ ಒಂದು ಪತ್ರಿಕೆ ಬೇರೆಯಾಗಿತ್ತು. ರಾಣೆಬೆನ್ನೂರಿನ ಕಾಲೇಜಿಗೆ ಹಲಗೇರಿ ಕಡೆಯಿಂದ ಬರುತ್ತಿದ್ದ ಬಿ.ಎ. ಹುಡುಗಿಯದು. ಕೀಟನಾಶಕಗಳ ದುಷ್ಪರಿಣಾಮಗಳ ಬಗ್ಗೆ ಅವಳು ತನ್ನದೇ ಮಾತುಗಳಲ್ಲಿ ಬರೆದಿದ್ದಳು. ಹೊಲಕ್ಕೆ ಹೊಡೆದ ವಿಷ ಮಣ್ಣಿಗೆ ಇಳಿದು, ಮಳೆಯಲ್ಲಿ ಹಳ್ಳಕ್ಕೆ ಸೇರಿ, ಮೇವಿನಿಂದ ಎಮ್ಮೆಯ ಹಾಲಿಗೆ ಬಂದು, ಕೊನೆಗೆ ಬಾಣಂತಿಯ ಎದೆಹಾಲಿಗೂ ಬರುತ್ತದೆ ಎಂದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋಗಿದ್ದಳು. ಹತ್ತೊಂಬತ್ತು ಕೊಟ್ಟೆ. ತರಗತಿಯಲ್ಲಿ ಎಲ್ಲರ ಮುಂದೆ ಓದಿ ತೋರಿಸಿದೆ. ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಒಬ್ಬಳಿಗಾದರೂ ಕಲಿಸಿದೆನಲ್ಲ ಎಂದು ನನಗೆ ಹೊಟ್ಟೆ ತುಂಬಿದಂತಾಗಿತ್ತು.

ತರಗತಿ ಮುಗಿದ ಮೇಲೆ ಅವಳು ವರಾಂಡದ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದಳು. ರೊಟ್ಟಿ, ಕಾಳಿನ ಪಲ್ಯ. ಬದಿಗೆ ನೀರಿನ ಬಿಳಿ ಬಾಟಲಿ. ಚೀಟಿಯನ್ನು ಕೆರೆದು ತೆಗೆದಿದ್ದರೂ ಅರ್ಧ ಉಳಿದಿತ್ತು. ಚೌಕದೊಳಗಿನ ಕೆಂಪು ತ್ರಿಕೋನ ಕಡುವಿಷದ ಗುರುತೆಂದು ನನಗೆ ಚೆನ್ನಾಗಿ ಗೊತ್ತು, ಅದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದವಳೇ ನಾನು. ಅವಳು ಆ ಬಾಟಲಿಯನ್ನು ಎತ್ತಿ ಗಟಗಟ ಕುಡಿದಳು.

ಹತ್ತಿರ ಹೋಗಿ, ಇದು ಎಣ್ಣೆ ಬಾಟಲಿ ಅಲ್ಲವೇನವ್ವ ಎಂದು ಕೇಳಿದೆ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆ ಎಣ್ಣೆ ಎಂದೇ ಹೇಳುವುದು.

"ಹೌದ್ರಿ ಮೇಡಂ. ಬೂದಿ ಹಚ್ಚಿ ಮೂರ್ ಸಲ ತೊಳದೇವ್ರಿ" ಎಂದಳು.

"ಮತ್ತ ನೀ ಪೇಪರಿನ್ಯಾಗ ಏನ್ ಬರದಿ?"

ಅವಳು ನನ್ನ ಮುಖ ನೋಡಿದಳು. ಉಡಾಫೆ ಅದರಲ್ಲಿರಲಿಲ್ಲ. ತಿಳಿಯದವರಿಗೆ ತಿಳಿಸಿ ಹೇಳುವಂತೆ ಮೆಲ್ಲಗೆ ಹೇಳಿದಳು: "ಅದು ಪರೀಕ್ಷಾದ್ರಿ."

ಮರುದಿನ ಬ್ಯಾಡಗಿಗೆ ಹೋಗುವ ಬಸ್ಸಿನಲ್ಲಿ ಆ ಎರಡು ಪದ ತಲೆ ಕೊರೆಯುತ್ತಿದ್ದವು. ಹತ್ತೊಂಬತ್ತು ಅಂಕವನ್ನು ನಾನು ಯಾವುದಕ್ಕೆ ಕೊಟ್ಟೆ? ಅಕ್ಷರಕ್ಕೋ, ಅರಿವಿಗೋ? ಎರಡನೆಯ ಪರೀಕ್ಷೆಯಲ್ಲಿ ಗೈಡಿಗೆ ಸಿಗದ ಪ್ರಶ್ನೆ ಕೊಡಬೇಕೆಂದು ನಿಶ್ಚಯಿಸಿದೆ. ಮೂರೂ ಕಾಲೇಜಿಗೆ ಒಂದೇ ಪ್ರಶ್ನೆ: ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ, ಯಾವುದರಲ್ಲಿ ತುಂಬಿಡುತ್ತೀರಿ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ?

ನನ್ನ ಬುದ್ಧಿವಂತಿಕೆ ನನಗೇ ತಿರುಗಿಬಿತ್ತು. ಹಾವೇರಿಯಲ್ಲಿ ಅರ್ಧ ತರಗತಿ ನೀರಿನ ರಾಸಾಯನಿಕ ಸೂತ್ರ ಬರೆದು ಕೈಮುಗಿಯಿತು. ಬ್ಯಾಡಗಿಯಲ್ಲಿ ಒಬ್ಬ ಎದ್ದುನಿಂತು, ಇದು ಸಿಲಬಸ್ಸಿನಲ್ಲಿ ಇಲ್ಲ ಎಂದ. ಉಳಿದವರು ಬೆಂಚು ಬಡಿದರು. ರಾಣೆಬೆನ್ನೂರಿನ ಕಟ್ಟಿನಲ್ಲಿ ಆ ಹುಡುಗಿಯ ಹಾಳೆಯನ್ನೇ ಮೊದಲು ಹುಡುಕಿದೆ. ಮೇಲೆ ನೋಂದಣಿ ಸಂಖ್ಯೆ ಮುತ್ತಿನಂತೆ ಬರೆದಿತ್ತು. ಕೆಳಗೆ ಒಂದು ಅಕ್ಷರವೂ ಇರಲಿಲ್ಲ.

ವಾರ ಕಳೆಯುವುದರೊಳಗೆ ರಾಣೆಬೆನ್ನೂರಿನ ಪ್ರಾಂಶುಪಾಲರು ಕರೆಸಿದರು. ಮೃದು ಮನಸ್ಸಿನ ಹಿರಿಯರು. ಮುಕ್ಕಾಲು ಪಾಲು ಮಕ್ಕಳು ಫೇಲಾದ ಪಟ್ಟಿಯನ್ನು ನನ್ನ ಕಡೆ ಸರಿಸಿ, ಮುಂದಿನ ಸೋಮವಾರ ಅಂಕ ಕಳಿಸಬೇಕು ಎಂದರು. ನಾನು ಬಾಟಲಿಯ ಸಂಗತಿ ಹೇಳಿದೆ. ಪ್ರತಿಯೊಬ್ಬರನ್ನೂ ಕರೆದು ಬಾಯಿಮಾತಿನಲ್ಲಿ ಕೇಳಲು ಎರಡು ದಿನ ಕೊಡಿ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ಒರೆಸುತ್ತ, ಕೇಳಿ ನೋಡಿ ಎಂದರು.

ಹಳೆಯ ಲ್ಯಾಬಿನಲ್ಲಿ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದೆ. ಪುಸ್ತಕದ ಕನ್ನಡ ಬಿಟ್ಟು ನಮ್ಮ ಮಾತಿನಲ್ಲಿ ಕೇಳಿದ್ದೇ ತಡ, ಖಾಲಿ ಹಾಳೆ ಕೊಟ್ಟವರು ಬಾಯಿ ಬಿಟ್ಟರು. ಯಾವ ಕೊಳವೆಬಾವಿಯ ನೀರಲ್ಲಿ ಬೇಳೆ ಬೇಯುವುದಿಲ್ಲ, ಯಾವ ಓಣಿಯ ಚರಂಡಿ ಯಾವ ಹಳ್ಳ ಸೇರುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಬ್ಯಾಡಗಿಯಲ್ಲೂ ಹಾಗೆಯೇ ಮಾಡಿದೆ. ಸಿಲಬಸ್ಸಿನಲ್ಲಿಲ್ಲ ಎಂದಿದ್ದವನೇ, ತನ್ನ ತಾಯಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವಾಗ ಹಸಿ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳುವುದನ್ನೂ, ಮನೆಗೆ ಬಂದು ಸೀರೆ ಝಾಡಿಸಿದರೆ ಮಕ್ಕಳೆಲ್ಲ ಕೆಮ್ಮುವುದನ್ನೂ ಹೇಳಿದ. ವಾಯುಮಾಲಿನ್ಯದ ಪ್ರಶ್ನೆಗೆ ಅವನಿಗೆ ಹಿಂದೆ ನಾನು ಕೊಟ್ಟಿದ್ದು ಎರಡು ಅಂಕ.

ರಾಣೆಬೆನ್ನೂರಿನಲ್ಲಿ ಆ ಹುಡುಗಿ ಎಲ್ಲರಿಗಿಂತ ಕೊನೆಗೆ ಬಂದಿದ್ದಳು. ಯಾಕೆ ಬರೆಯಲಿಲ್ಲ, ಗೊತ್ತಿರಲಿಲ್ಲವೇ ಎಂದು ಕೇಳಿದೆ. ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು:

"ಗೊತ್ತಿತ್ರಿ. ಬರದ್ರ ನಮ್ಮವ್ವನ ಮ್ಯಾಲ ಚಾಡಿ ಹೇಳಿದಂಗ ಆಕ್ಕೈತಿ ಅಂತ ಬಿಟ್ಟೆ. ನಮ್ಮ ಮನ್ಯಾಗ ನೀರು ತುಂಬೋದು ಎಣ್ಣಿ ಕ್ಯಾನಿನ್ಯಾಗರಿ."

ಮನೆಯಲ್ಲಿ ಹೇಳಿದೆಯಾ ಎಂದೆ. ಹೇಳಿದ್ದಳಂತೆ. ಎರಡು ದಿನ ತಾನು ನೀರೇ ಕುಡಿಯದೆ ಇದ್ದಳಂತೆ. ಆಮೇಲೆ ತಾಯಿ, ನೀನು ಕಲಿತವಳು, ನಾವು ಏನು ಮಾಡೋಣ ಹೇಳು ಎಂದು ಕೇಳಿದಳಂತೆ. 

ಭಾನುವಾರ ಮುಚ್ಚಳವಿದ್ದ ಎರಡು ಪ್ಲಾಸ್ಟಿಕ್ ಕೊಡ ಹಿಡಿದುಕೊಂಡು ಅವಳ ಊರಿಗೆ ಹೋದೆ. ಬೇರೇನೂ ತೋಚದೆ ಹೋದದ್ದು. ಕಂಪನಿಗಳಿಗೆ ಬಿತ್ತನೆಬೀಜದ ಹತ್ತಿ ಬೆಳೆದುಕೊಡುವ ಮನೆ, ಮೇಲಿಂದ ಮೇಲೆ ಎಣ್ಣೆ ಹೊಡೆಯುವ ಬೆಳೆ. ಪಡಸಾಲೆಯ ಮೂಲೆಯಲ್ಲಿ ಬಿಳಿ ಕ್ಯಾನುಗಳು ಸಾಲಾಗಿ ನಿಂತಿದ್ದವು. ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರನ್ನು ಅವುಗಳಲ್ಲೇ ತುಂಬಿಟ್ಟಿದ್ದರು. ತಾಯಿ ಕಂಬಳಿ ಹಾಸಿ ಕೂರಿಸಿದಳು, ಕೊಡಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಭಾಳ ಚಲೋ ಅದಾವ್ರಿ ಬಾಯಾರ. ಆದ್ರ ಇವನ್ನ ಹೊಲಕ್ಕ ಒಯ್ಯಾಕ ಬರೂದಿಲ್ರಿ, ಎತ್ತಿನ ಗಾಡ್ಯಾಗ ಚೆಲ್ಲತೈತಿ. ಜ್ವಾಳಾ ಹಾಕಿ ಇಡ್ತೇನ್ರಿ."

ಕ್ಯಾನಿಗೆ ಹಿಡಿಕೆಯಿತ್ತು, ಬಿಗಿಯಾಗಿ ತಿರುಗುವ ಮುಚ್ಚಳವಿತ್ತು, ಒಡೆಯುತ್ತಿರಲಿಲ್ಲ. ಇಷ್ಟು ಸಾದಾ ಸಂಗತಿ ನನ್ನ ಯಾವ ಪಾಠದಲ್ಲೂ ಬಂದಿರಲಿಲ್ಲ. ಮಾತಾಡುತ್ತಲೇ ತಾಯಿ ಎದ್ದು ಒಂದು ಕ್ಯಾನನ್ನು ಬಗ್ಗಿಸಿ ಪಾತ್ರೆಗೆ ನೀರು ಸುರಿದು ಒಲೆಯ ಮೇಲಿಟ್ಟಳು. ಬೆಲ್ಲದ ಚಹಾ. ಬಟ್ಟಲು ನನ್ನ ಕೈಗೆ ಬಂದಾಗ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕುಡಿದೆ. ಇನ್ನೊಂದು ಸ್ವಲ್ಪ ಹಾಕಲೇ ಎಂದು ತಾಯಿ ಕೇಳಿದಾಗ, ಹುಡುಗಿಯ ಕಣ್ಣು ತಪ್ಪಿಸಿ ಸಾಕು ಎಂದೆ. ಬಸ್‌ಸ್ಟಾಪಿನವರೆಗೆ ಕಳಿಸಲು ಬಂದ ಹುಡುಗಿ ಬಸ್ಸು ಕಂಡ ಕೂಡಲೇ ತಿರುಗಿ ನಡೆದಳು.

ಸೋಮವಾರ ಹಾವೇರಿಯ ಪಾಠ ಮುಗಿಸಿ ರಾಣೆಬೆನ್ನೂರಿಗೆ ಹೋಗಿ ಪ್ರಾಂಶುಪಾಲರಿಗೆ ಬಾಯಿಮಾತಿನ ಪರೀಕ್ಷೆಯ ಅಂಕಪಟ್ಟಿ ಕೊಟ್ಟೆ. ಒಬ್ಬೊಬ್ಬರ ಹೆಸರಿನ ಮುಂದೆ ಅವರು ಹೇಳಿದ್ದರಲ್ಲಿ ಒಂದು ಸಾಲನ್ನೂ ಬರೆದಿದ್ದೆ. ಅವರು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

"ಮೇಡಂ, ನೀವ್ ಮಾಡಿದ್ದು ಖರೇನ ಕೆಲಸ. ಆದ್ರ ಇದನ್ನ ಬರಿಯಾಕ ಫಾರ್ಮಿನ್ಯಾಗ ಕಾಲಮ್ಮ ಇಲ್ಲ" ಎಂದರು. ಎರಡನೆಯ ಪರೀಕ್ಷೆಯನ್ನು ರದ್ದು ಮಾಡಿ, ಅಂಕ ಕಳಿಸಲು ಎರಡು ದಿನ ಹೆಚ್ಚಿಗೆ ಕೇಳಿಕೊಳ್ಳುತ್ತೇನೆ, ಅಷ್ಟರೊಳಗೆ ಗೈಡಿನ ಪ್ರಶ್ನೆಗಳನ್ನೇ ಕೊಟ್ಟು ಇನ್ನೊಮ್ಮೆ ನಡೆಸಿಬಿಡಿ ಎಂದರು. ಹುಡುಗಿಯ ಸೊನ್ನೆಯೂ ಹೋಗುತ್ತದೆ ಎಂದು ಸಮಾಧಾನ ಹೇಳಿದರು. ನಾನು ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮಂಗಳವಾರ ಹಾವೇರಿಯ ಪಾಠ ಬಿಟ್ಟು ರಾಣೆಬೆನ್ನೂರಿಗೆ ಬಂದು ಹಲಗೆಯ ಮೇಲೆ ಬರೆದೆ: ಜಲಮಾಲಿನ್ಯದ ಕಾರಣಗಳನ್ನು ವಿವರಿಸಿ. ತರಗತಿಗೆ ಜೀವ ಬಂತು, ಎಲ್ಲರ ಪೆನ್ನುಗಳೂ ಓಡಿದವು. ಹುಡುಗಿ ಗಂಟೆ ಬಾರಿಸುವ ಮೊದಲೇ ಎದ್ದು ಹಾಳೆ ಕೊಟ್ಟು ಹೋದಳು. ಈ ಸಲ ಅವಳೂ ಗೈಡಿನ ಮಾತುಗಳನ್ನೇ ಬರೆದಿದ್ದಳು, ಅಲ್ಪವಿರಾಮ ಕೂಡ ಬಿಡದೆ. ತಪ್ಪು ಹುಡುಕಿದೆ, ಸಿಗಲಿಲ್ಲ. ಹದಿನೆಂಟು ಹಾಕಿ ಮುಂದಿನ ಹಾಳೆ ತೆಗೆದುಕೊಂಡೆ.