ಕನ್ನಡಕ ಹಾಕಿಕೊಂಡ ಕೋಳಿ ಮತ್ತು ಅತ್ತೆಯ ಪೈಪು

ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಂಬಲರ್ಹ ಮೂಲವಲ್ಲ. ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವ ರಸ್ತೆಯಿಂದ ಒಳಗಿರುವ ಅವರ ಊರಿನಲ್ಲಿ ಹಾವು ಕಾಣಿಸಿಕೊಂಡರೆ ಅದು ಎತ್ತಿನಗಾಡಿಯಷ್ಟು ಉದ್ದ ಇದ್ದೇ ಇರುತ್ತದೆ. ಯಾರದಾದರೂ ಮದುವೆಯಾದರೆ ಇಡೀ ಮಂಡ್ಯವೇ ಊಟಕ್ಕೆ ಬಂದಿರುತ್ತದೆ. ಹಾಗಾಗಿ ಆಗಸ್ಟ್ ತಿಂಗಳಲ್ಲಿ, ನನಗೆ ರಜೆಯಿದ್ದ ಒಂದು ಸಂಜೆ ಅವರು ಮೊಮ್ಮಗಳಿಗೆ ಫೋನ್ ಮಾಡಿ, ‘ನಮ್ ಗದ್ದೆ ಮಗ್ಗುಲು ಜೊಂಡಲ್ಲಿ ಕನ್ನಡಕ ಆಕ್ಕಂಡಿರೋ ಕೋಳಿ ಬಂದದೆ ಕಣವ್ವ, ನವಿಲಷ್ಟು ದಪ್ಪ’ ಎಂದಾಗ ನಾನು ತಲೆ ಎತ್ತಲಿಲ್ಲ.

ಮಗಳು ಎತ್ತಿದಳು. ಎಂಟನೇ ಕ್ಲಾಸು. ಹಕ್ಕಿಗಳ ಪುಸ್ತಕ ತೆಗೆದು ಅಜ್ಜಿಯನ್ನು ಫೋನಿನಲ್ಲೇ ವಿಚಾರಣೆಗೆ ಒಳಪಡಿಸಿದಳು. ಕೊಕ್ಕು ಎಷ್ಟುದ್ದ? ಕತ್ತು ಯಾವ ಬಣ್ಣ? ಕನ್ನಡಕ ಅಂದರೆ ಕಣ್ಣಿನ ಸುತ್ತ ಬಿಳಿಯಾ? ಕೊನೆಗೆ ತೀರ್ಪು ಕೊಟ್ಟಳು: ಬಣ್ಣದ ಉಲ್ಲಂಕಿ, ಹೆಣ್ಣು. ಗದ್ದೆಯ ಕೆಸರಿನಲ್ಲಿ ಅವಿತುಕೊಂಡಿರುವ, ಸುಲಭಕ್ಕೆ ಕಣ್ಣಿಗೆ ಬೀಳದ ಹಕ್ಕಿ. ಗಾತ್ರದಲ್ಲಿ ಗೌಜಿಗನ ಹಕ್ಕಿಯಷ್ಟು. ನವಿಲು ಅತ್ತೆಯ ಸ್ವಂತ ಸೇರ್ಪಡೆ.

ಈ ಹಕ್ಕಿಯ ಸಂಸಾರ ಸ್ವಲ್ಪ ಬೇರೆ. ಬಣ್ಣವೆಲ್ಲ ಹೆಣ್ಣಿಗೆ. ಅದು ಮೊಟ್ಟೆ ಇಟ್ಟು ಇನ್ನೊಂದು ಗಂಡನ್ನು ಹುಡುಕಿಕೊಂಡು ಹೊರಡುತ್ತದೆ. ಕಾವು ಕೂರುವುದು, ಮರಿ ಸಾಕುವುದು ಮಂಕು ಬಣ್ಣದ ಗಂಡು. ನನ್ನ ಹೆಂಡತಿ ಆ ಪುಟವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಓದಿದಳು. ಅವಳು ಬೆಳಿಗ್ಗೆ ಬ್ಯಾಂಕಿಗೆ ಹೊರಡುತ್ತಾಳೆ. ನನಗೆ ಮಂಡ್ಯದ ಪತ್ರಿಕೆಯೊಂದರ ಡೆಸ್ಕಿನಲ್ಲಿ ಸಂಜೆ ಪಾಳಿ. ಆದ್ದರಿಂದ ಮನೆಯ ಉಪ್ಪಿಟ್ಟು, ಟಿಫಿನ್ ಡಬ್ಬಿ, ಜಡೆ, ಎಲ್ಲ ನನ್ನ ಇಲಾಖೆ.

ಮಗಳ ಶಾಲೆಯಲ್ಲಿ ದಿನವೂ ಪ್ರಾರ್ಥನೆಯಾದ ಮೇಲೆ ಒಬ್ಬರು ಮೈಕಿನ ಮುಂದೆ ‘ನಮ್ಮೂರ ಸುದ್ದಿ’ ಓದಬೇಕು. ಎಲ್ಲರೂ ಕ್ರಿಕೆಟ್ ಸ್ಕೋರು ಓದಿ ಇಳಿಯುತ್ತಾರೆ. ಮರುದಿನ ಇವಳ ಸರದಿ, ತಪ್ಪಿದರೆ ಈ ವರ್ಷ ಮತ್ತೆ ಬರುವುದಿಲ್ಲ. ಇವಳು ಆಗಲೇ ಬರೆದಿದ್ದಳು: ‘ಮದ್ದೂರು ತಾಲ್ಲೂಕಿನಲ್ಲಿ ಅಪರೂಪದ ಹಕ್ಕಿ ಪತ್ತೆ.’

‘ಪತ್ತೆ ಮಾಡಿದ್ಯಾರು?’ ಎಂದೆ.

‘ಅಜ್ಜಿ.’

‘ಇನ್ಯಾರಾದ್ರೂ ನೋಡಿದ್ದಾರಾ?’

‘ಇಲ್ಲ.’

‘ಹಾಗಾದ್ರೆ ಇದು ಸುದ್ದಿ ಅಲ್ಲ, ನಿಮ್ಮಜ್ಜಿ.’

ನಾನು ಡೆಸ್ಕಿನಲ್ಲಿ ದಿನಾ ಹೇಳುವ ಮಾತನ್ನೇ ಹೇಳಿದ್ದೆ. ಕಣ್ಣಾರೆ ನೋಡು, ಇಲ್ಲವೇ ಇಬ್ಬರಿಂದ ಕೇಳು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಲಾರಾಂ ಇಟ್ಟಳು.

ಬೆಳಿಗ್ಗೆ ತುಂತುರು ಮಳೆ. ಸ್ಕೂಟರ್ ಬಿಟ್ಟು ಪಕ್ಕದ ಬೀದಿಯ ಭಾಮೈದನ ಬಿಳಿ ಜೀಪು ತಂದೆ. ಅವನು ಅದನ್ನು ಯಾವುದೋ ಕಚೇರಿಗೆ ಬಾಡಿಗೆಗೆ ಓಡಿಸುತ್ತಾನೆ. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಅಳಿಯ ಬಂದನೆಂದು ಕೋಳಿ ಕೊಯ್ಯುತ್ತಾರೆ. ಕೋಳಿ ಕೊಯ್ದರೆ ಅವತ್ತಿನ ಶಾಲೆ ಮುಗಿದ ಹಾಗೆ. ನನಗೆ ಮಂಕಿ ಕ್ಯಾಪು, ಜರ್ಕಿನ್ನು, ಕತ್ತಿಗೆ ಕ್ರೀಡಾ ವರದಿಗಾರನಿಂದ ಎಂದೋ ಎರವಲು ತಂದ ಬೈನಾಕ್ಯುಲರ್. ಮಗಳಿಗೆ ಯೂನಿಫಾರಂ ಮೇಲೆ ಅಮ್ಮನ ಕಪ್ಪು ರೇನ್‌ಕೋಟು, ಪಾದದವರೆಗೆ.

ಮದ್ದೂರು ದಾಟಿ ನಾಲೆಯ ಏರಿ ಹಿಡಿದಾಗ ಬೆಳಕು ಹರಿಯುತ್ತಿತ್ತು. ಆಲೆಮನೆಯ ಹೊಗೆ ಮಳೆಗೆ ಮೇಲೇಳಲಾಗದೆ ಕಬ್ಬಿನ ಮೇಲೆ ಮಲಗಿತ್ತು. ಜೀಪು ನಿಲ್ಲಿಸಿ ಏರಿಯ ಮೇಲೆ ನಿಂತು ನಾನು ಬೈನಾಕ್ಯುಲರ್ ಎತ್ತಿದೆ. ಬೆಳ್ಳಕ್ಕಿ, ಕೊಳದಬಕ, ಇನ್ನೊಂದು ಬೆಳ್ಳಕ್ಕಿ. ಆಮೇಲೆ ದೂರದಿಂದ ಒಂದು ಕೂಗು.

‘ಲೇ, ಜೀಪ್ ಬಂತು ಕಣ್ಲಾ! ಎಳ್ಕಳ್ರಲಾ!’

ಅದನ್ನು ಮುಂದಿನ ಗದ್ದೆಯವನು ಎತ್ತಿಕೊಂಡ. ಅವನಿಂದ ಅದರ ಮುಂದಿನವನು. ಕೂಗು ನಾಲೆಯುದ್ದಕ್ಕೂ ನೀರಿಗಿಂತ ವೇಗವಾಗಿ ಹೋಯಿತು. ನೋಡುತ್ತಿದ್ದಂತೆ ಏರಿಯ ಅಕ್ಕಪಕ್ಕ ಜನ ಎದ್ದರು, ಬಗ್ಗಿದರು, ನಾಲೆಯೊಳಗಿಂದ ಕಪ್ಪು ಪೈಪುಗಳನ್ನು ಎಳೆದು ಕಬ್ಬಿನೊಳಗೆ ನುಗ್ಗಿದರು.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ನಮ್ಮ ಕಡೆ ನಾಲೆಯ ನೀರು ಸರದಿ ಪ್ರಕಾರ ಬರುತ್ತದೆ. ಸರದಿ ಇಲ್ಲದ ದಿನ ಏರಿಯ ಮೇಲಿಂದ ಒಂದು ಪೈಪು ಇಳಿಬಿಟ್ಟರೆ ನೀರು ಕೇಳದೆ ಬರುತ್ತದೆ. ಇದು ತಪ್ಪು ಎಂದು ಎಲ್ಲರಿಗೂ ಗೊತ್ತು, ಎಲ್ಲರ ಹತ್ತಿರವೂ ಪೈಪು ಇದೆ. ಇಂಥ ನಾಲೆಯ ಮೇಲೆ ಮುಂಜಾನೆ ಬಿಳಿ ಜೀಪು ಬಂದು ನಿಂತು, ಟೋಪಿ ಹಾಕಿದವನೊಬ್ಬ ದುರ್ಬೀನಿನಲ್ಲಿ ಗದ್ದೆ ನೋಡಿದರೆ ಅವನು ನೀರಾವರಿಯವನಲ್ಲದೆ ಇನ್ಯಾರು? ಹಿಂತಿರುಗಿ ಜೀಪು ನೋಡಿದೆ. ಮುಂದಿನ ಗಾಜಿನಲ್ಲಿ ಭಾಮೈದ ತೆಗೆಯಲು ಮರೆತ ಬೋರ್ಡು: ‘ಸರ್ಕಾರಿ ಕರ್ತವ್ಯದ ಮೇಲೆ’.

ಅಷ್ಟರಲ್ಲಿ ಪಂಚೆ ಎತ್ತಿ ಕಟ್ಟಿದವರೊಬ್ಬರು ಎರಡು ಎಳನೀರು ಹಿಡಿದು ಬಂದರು.

‘ಕುಡೀರಿ ಸಾ. ಮೇಡಂಗೂ ಕೊಡಿ.’

‘ನಾವು ಆಫೀಸಿನೋರಲ್ಲ. ಹಕ್ಕಿ ನೋಡೋಕೆ ಬಂದಿದ್ದೀವಿ.’

‘ಊಂ ಸಾ. ಓದ್ಸಾರಿ ಬಂದೋರು ಮೀನ್ ಇಡಿಯಕ್ಕೆ ಬಂದಿವ್ನಿ ಅಂದ್ರು.’

‘ನಿಜವಾಗ್ಲೂ. ಇವಳು ಸ್ಕೂಲಿಗೆ ಹೋಗೋ ಹುಡುಗಿ.’

ಅವರು ರೇನ್‌ಕೋಟಿನೊಳಗೆ ಇಣುಕಿ ಟೈ ನೋಡಿದರು. ‘ಈಗ ಮಕ್ಳುನ್ನೂ ಡ್ಯೂಟಿಗ್ ಆಕ್ಬುಟ್ರಾ?’ ಎಂದು ನಿಟ್ಟುಸಿರುಬಿಟ್ಟು, ‘ನಮ್ದೇನಿಲ್ಲ ಸಾ, ನಾವೆಲ್ಲ ಸರದೀಲೇ ನೀರ್ ಆಯ್ಸದು. ಆ ಕಡೆ ಜೊಂಡ್ ಅದಲ್ಲ, ಅಲ್ಲೊಬ್ಬವ್ವ ಅವ್ಳೆ, ಅವಳ್ದ್ ನೋಡಿ’ ಎಂದು ಅಂಚಿನ ಮೇಲೆ ಇಳಿದುಹೋದರು.

ಮಗಳು ಆಗಲೇ ಬೈನಾಕ್ಯುಲರ್ ಕಿತ್ತುಕೊಂಡು ಅತ್ತ ತಿರುಗಿಸಿದ್ದಳು.

‘ಅಪ್ಪ, ಜೊಂಡಲ್ಲಿ ಏನೋ ಅಲ್ಲಾಡ್ತಿದೆ.’

‘ಗಾತ್ರ?’

‘ದೊಡ್ಡದು.’

‘ಬಣ್ಣ ನೋಡು.’

‘ಹಸಿರು. ಕೆಂಪು ಅಂಚು...’ ಸ್ವಲ್ಪ ತಡೆದು, ‘ಅಪ್ಪ, ಅಜ್ಜಿ!’

ಸೀರೆ ಮೊಣಕಾಲಿನ ಮೇಲೆ ಸಿಕ್ಕಿಸಿ, ಕೆಸರಿನಲ್ಲಿ ಕಾಲೂರಿ, ನನ್ನ ಅತ್ತೆ ಪೈಪು ಎಳೆಯುತ್ತಿದ್ದರು. ಇವರೇ ಹೋದ ಹಬ್ಬದಲ್ಲಿ, ‘ಕಳ್ಳ್ ನೀರು ನಮ್ ಮನ್ತನುಕ್ ಬ್ಯಾಡ’ ಎಂದು ನನಗೆ ಎರಡನೇ ಸಲ ಮುದ್ದೆ ಬಡಿಸಿದವರು. ನಾಲೆಯ ಕೊನೆಭಾಗಕ್ಕೆ ನೀರು ತಲುಪುತ್ತಿಲ್ಲ ಎಂಬ ಸುದ್ದಿಗೆ ನಾನು ಪ್ರತಿ ವರ್ಷ ಹೊಸ ಶೀರ್ಷಿಕೆ ಹುಡುಕುತ್ತೇನೆಂದು ಅವರಿಗೆ ಗೊತ್ತು.

ಪೈಪು ಬರಲಿಲ್ಲ. ಅತ್ತೆ ಅದಕ್ಕೆ ಒಂದು ಕೆಟ್ಟ ಮಾತು ಹೇಳಿ ಜೋರಾಗಿ ಎಳೆದರು. ಜಾಯಿಂಟು ಕಳಚಿ ನೀರು ಹಾರಿತು. ಅದರ ಜೊತೆ ಜೊಂಡಿನಿಂದ ಏನೋ ಒಂದು, ಕಾಲು ಜೋತುಬಿಟ್ಟುಕೊಂಡು ಎದ್ದು, ಹೆಚ್ಚು ದೂರ ಹಾರಲಾಗದೆ ಬಸಿಗಾಲುವೆಯ ಅಂಚಿಗೆ ಬಂದು ಇಳಿಯಿತು. ಕಡುಗೆಂಪು ಕತ್ತು. ಹೆಗಲ ಮೇಲೆ ಸ್ಕೂಲ್ ಬ್ಯಾಗಿನ ಪಟ್ಟಿಯಂಥ ಬಿಳಿ ಗೆರೆ. ಕಣ್ಣಿಗೆ ಕನ್ನಡಕ, ಅತ್ತೆ ಹೇಳಿದ ಹಾಗೇ.

ಹಕ್ಕಿ ನಮ್ಮನ್ನು ನೋಡಿತು, ಅಲ್ಲಾಡದೆ ನಿಂತಿತು, ಆಮೇಲೆ ಬಾಲ ಕುಣಿಸುತ್ತಾ ಭತ್ತದೊಳಗೆ ನಡೆದುಹೋಯಿತು.

‘ಒಂದು,’ ಎಂದಳು ಮಗಳು. ‘ಗಂಡು?’

ಗಂಡು ಎದ್ದೇ ಇರಲಿಲ್ಲ. ನಾವು ಇಳಿದು ಹೋಗಿ ನೋಡಿದಾಗ, ಪೈಪು ಬಿದ್ದಿದ್ದ ಜಾಗದಿಂದ ಗೇಣು ದೂರದಲ್ಲಿ, ಹುಲ್ಲಿನ ದಿಬ್ಬದ ಮೇಲೆ ಒಂದು ಮಣ್ಣುಬಣ್ಣದ ಹಕ್ಕಿ ಕವುಚಿ ಕೂತಿತ್ತು. ಮೇಲೆ ಕೆಸರು ಸಿಡಿದಿತ್ತು. ಮೊಟ್ಟೆ ಬಿಟ್ಟು ಕದಲಲಿಲ್ಲ. ನನಗೆ ಅದರ ಮೇಲೆ ವಿಶೇಷ ಗೌರವ ಹುಟ್ಟಿತು. ಕಾರಣ ವಿವರಿಸಬೇಕಿಲ್ಲ.

ಅತ್ತೆ ನಮ್ಮನ್ನು ಕಂಡಿದ್ದು ಆಗ. ಮೊದಲು ಪೈಪು ಕೆಳಗೆ ಬಿತ್ತು, ಆಮೇಲೆ ಸೀರೆ ಇಳಿಯಿತು, ಸೆರಗು ತಲೆಗೆ ಬಂತು.

‘ಅಯ್ಯೋ, ಅಳೀಮಯ್ಯ! ನೀವಾ ಬಂದಿರಾದು? ಆ ಮೂದೇವಿ ಎಂಜಿನೇರು ಅಂದ!’ ಎಂದವರು ಪೈಪಿನತ್ತ ನೋಡಿ, ‘ಇದು ನಮ್ದಲ್ಲ’ ಎಂದರು.

‘ಮತ್ಯಾಕೆ ಎಳೀತಿದ್ದೆ ಅಜ್ಜಿ?’

‘ಸುಮ್ಕೆ ಬಿದ್ದಿತ್ತು, ಎತ್ತಿಡಮ ಅಂತ.’

ನಾನು ಆಕಾಶ ನೋಡಿದೆ. ಮಗಳು ನೆಲ ನೋಡುತ್ತಿದ್ದಳು. ಸುತ್ತಲ ಜಾಗವೆಲ್ಲ ಗಟ್ಟಿ, ಹಕ್ಕಿ ಕೂತ ದಿಬ್ಬದ ಬುಡದ ತಗ್ಗು ಮಾತ್ರ ಕೆಸರು. ಆ ಕೆಸರು, ಆ ಜೊಂಡು, ಎಲ್ಲವೂ ಅಜ್ಜಿಯ ಪೈಪಿನ ಜಾಯಿಂಟು ಸೋರಿ ಆದದ್ದು. ಪೈಪು ತೆಗೆದರೆ ಈ ತಗ್ಗು ನಾಲ್ಕು ಬಿಸಿಲಿಗೆ ಒಣಗುತ್ತದೆ. ಮರಿಗಳಿಗೆ ಕೆಸರಿಲ್ಲದೆ ಹುಳು ಸಿಗುವುದಿಲ್ಲ.

‘ಅಜ್ಜಿ, ಪೈಪ್ ವಾಪಸ್ ಹಾಕು.’

‘ಆಕ್ತೀನಿ ಬುಡು. ರಬ್ಬರ್ ತಂದಿವ್ನಿ, ಜಾಯಿಂಟ್ ಸರಿಯಾಗ್ ಬಿಗ್ದು...’

‘ಬಿಗೀಬಾರ್ದು. ಸೋರ್ಬೇಕು. ಮರಿ ದೊಡ್ಡವಾಗೋವರೆಗೂ.’

‘ನೀರ್ ದಂಡ ಆಗ್ತದಲ್ಲವ್ವ!’

‘ಇವತ್ತು ನಾನು ಮೈಕಲ್ಲಿ ಸುದ್ದಿ ಓದ್ಬೇಕು. ಕಣ್ಣಾರೆ ಕಂಡಿದ್ದೆಲ್ಲ ಹೇಳ್ಬೇಕಂತೆ, ಅಪ್ಪನ ರೂಲು.’

ಅತ್ತೆ ನನ್ನ ಕಡೆ ನೋಡಿದರು. ಇಷ್ಟು ವರ್ಷಗಳ ಸಂಬಂಧದಲ್ಲಿ ಅವರು ನನ್ನಿಂದ ಸಹಾಯ ಕೇಳಿದ್ದು ಅದೊಂದೇ ಸಲ. ಸುದ್ದಿಮೂಲವೊಂದನ್ನು ನನ್ನೆದುರಿಗೇ ಬೆದರಿಸಲಾಗುತ್ತಿತ್ತು, ನಾನು ಬಾಯಿ ಬಿಡಲಿಲ್ಲ.

‘ಸೋರ್ಲಿ ಬುಡು,’ ಎಂದರು ಅತ್ತೆ. ‘ನಿಮ್ಮವ್ವುನ್ ತರಾನೇ ಆಗಿದ್ದೀಯ.’

ಶಾಲೆ ತಲುಪಿದಾಗ ಪ್ರಾರ್ಥನೆ ಮುಗಿಯುತ್ತಿತ್ತು. ಕ್ರಿಕೆಟ್ ಸ್ಕೋರಿನ ಹುಡುಗನೊಬ್ಬ ಇವಳ ಜಾಗಕ್ಕೆ ಹೊರಟೇ ಬಿಟ್ಟಿದ್ದ. ಮಗಳು ಅವನನ್ನು ದಾಟಿ ಕೆಸರು ಬೂಟಿನಲ್ಲೇ ಮೈಕಿನ ಮುಂದೆ ನಿಂತಳು. ನಾನು ಗೇಟಿನ ಹೊರಗೆ ನಿಂತು ಕೇಳಿದೆ.

‘ಮದ್ದೂರು ತಾಲ್ಲೂಕಿನ ಗದ್ದೆಯೊಂದರಲ್ಲಿ ಇಂದು ಬೆಳಿಗ್ಗೆ ಬಣ್ಣದ ಉಲ್ಲಂಕಿ ಹಕ್ಕಿಗಳು ಕಂಡುಬಂದಿವೆ. ಗಂಡುಹಕ್ಕಿ ಕಾವು ಕೂತಿದೆ.’ ಹುಡುಗರ ಸಾಲಿನಲ್ಲಿ ನಗು. ಅವಳು ನಗು ನಿಲ್ಲುವವರೆಗೆ ಕಾದಳು. ‘ಗೂಡಿನ ರಕ್ಷಣೆಯ ದೃಷ್ಟಿಯಿಂದ ಊರಿನ ಹೆಸರು ಹೇಳುವಂತಿಲ್ಲ. ಹಕ್ಕಿಯನ್ನು ಮೊದಲು ಗುರುತಿಸಿದವರು ರೈತ ಮಹಿಳೆ. ಹೆಸರು ಬಹಿರಂಗಪಡಿಸಲು ಅವರು ಇಚ್ಛಿಸಲಿಲ್ಲ.’

ಒಂದು ಪದವನ್ನೂ ತೆಗೆಯುವಂತಿರಲಿಲ್ಲ.

ಸಂಜೆ ಡೆಸ್ಕಿನಲ್ಲಿ ಮದ್ದೂರು ಕಡೆಯ ವರದಿಗಾರನ ಸುದ್ದಿ ಬಂದಿತ್ತು. ನಾಲೆಯ ಕೊನೆಭಾಗಕ್ಕೆ ಬೆಳಿಗ್ಗೆ ದಿಢೀರ್ ನೀರು, ರೈತರಿಗೆ ಸಂತಸ, ಅಧಿಕಾರಿಗಳ ಅನಿರೀಕ್ಷಿತ ತಪಾಸಣೆಯ ಫಲ ಎಂದು ‘ಬಲ್ಲ ಮೂಲಗಳು’ ತಿಳಿಸಿವೆ. ತಪಾಸಣೆಯ ಸಾಲು ಹೊಡೆದು ಹಾಕಿದೆ. ವರದಿಗಾರ ಫೋನ್ ಮಾಡಿದ.

‘ಸಾರ್, ಜೀಪ್ ಬಂದಿದ್ದು ನೋಡಿದೋರು ಅವ್ರೆ. ಎಂಜಿನಿಯರ್ ಜೊತೆ ಒಬ್ರು ಮೇಡಮ್ಮೂ ಇದ್ರಂತೆ, ಬಾಳಾ ಸ್ಟ್ರಿಕ್ಟಂತೆ.’

‘ಇಲಾಖೆಯೋರು ಹೌದು ಅಂದ್ರಾ?’

‘ಅವ್ರು ಇಲ್ಲ ಅಂತಾನೂ ಅನ್ತಿಲ್ಲ ಸಾರ್.’

ಆ ಜಾಗದಲ್ಲಿ ‘ಕಾರಣ ತಿಳಿದುಬಂದಿಲ್ಲ’ ಎಂದು ಹಾಕಿ ಪುಟವನ್ನು ಅಚ್ಚಿಗೆ ಬಿಟ್ಟೆ.

ಮರುದಿನ ಬೆಳಿಗ್ಗೆ ನಾನು ಜಡೆ ಹಾಕುತ್ತಿರುವಾಗ ಮಗಳು ಪತ್ರಿಕೆ ಓದುತ್ತಿದ್ದಳು. ಆ ಸಾಲಿನ ಮೇಲೆ ಬೆರಳಿಟ್ಟು, ತಲೆ ತಿರುಗಿಸದೆ ಕೇಳಿದಳು.

‘ಇದು ಸುದ್ದಿನಾ, ಅಜ್ಜಿನಾ?’

‘ಅಲ್ಲಾಡ್ಬೇಡ,’ ಎಂದೆ.