ದುಕಾಸೆಯ ಸೀಟಿ

ಫ್ರಾನ್ಸಿನ ಬೋರ್ಡೊ ಊರಿನಲ್ಲಿ ವೈನ್ ಪೀಪಾಯಿ ಮಾಡುತ್ತಿದ್ದ ಒನೊರೆ ದುಕಾಸೆ ಮೊದಮೊದಲ ಫ್ರಾನ್ಸ್ ರಗ್ಬಿ ತಂಡದಲ್ಲಿ ಆಡಿದ್ದು ಒಂದೇ ಪಂದ್ಯ. ಇಂಗ್ಲೆಂಡಿನೆದುರು ಜೀವದ ಹಂಗು ತೊರೆದು ಆಡಿದ್ದ. ಆದರೆ ನಾಯಕ ವಾಲ್ರೆ ತನ್ನ ತಮ್ಮನಿಗೆ ಜಾಗ ಮಾಡಿಕೊಡಲು, "ಅವನು ಕುಡಿದು ಬಂದಿದ್ದ" ಎಂದು ಆಯ್ಕೆಗಾರರ ಕಿವಿಯಲ್ಲಿ ಊದಿದ. ಒನೊರೆಯನ್ನು ಮತ್ತೆ ಯಾರೂ ಕರೆಯಲಿಲ್ಲ. ಸಿಟ್ಟು ನುಂಗಿಕೊಂಡು ಅವನು ರೆಫರಿಯಾದ.

ಕೆಲವು ವರ್ಷಗಳ ಮೇಲೆ ವಾಲ್ರೆಯ ಕೊನೆಯ ಫೈನಲ್ ಪಂದ್ಯದ ರೆಫರಿ ಕೆಲಸ ಒನೊರೆಯ ಕೈಗೇ ಬಂತು. ಆಟ ಮುಗಿಯುವ ಹೊತ್ತಿಗೆ ವಾಲ್ರೆ ನುಗ್ಗಿ ಹೋಗಿ ಚೆಂಡನ್ನು ಗೆರೆಯಾಚೆ ನೆಲಕ್ಕೊತ್ತಿದ. ಆ ಅಂಕ ಸಿಕ್ಕರೆ ಗೆಲುವು ಅವನದೇ. ಒನೊರೆ ಸೀಟಿ ಊದಿ, ಅಂಕ ಇಲ್ಲವೆಂದು ಕೈಯಾಡಿಸಿದ.

"ನಾನು ಒತ್ತಿದ್ದು ನೀನೇ ನೋಡಿದೆಯಲ್ಲೋ" ಎಂದ ವಾಲ್ರೆ.

"ನೋಡಿದೆ. ನಾನವತ್ತು ಕುಡಿದಿರಲಿಲ್ಲ ಅಂತ ನಿನಗೂ ಗೊತ್ತಿತ್ತಲ್ಲಯ್ಯಾ."

ಬೇಕೆಂದೇ ತಪ್ಪು ತೀರ್ಪು ಕೊಟ್ಟನೆಂದು ಮರುವಾರವೇ ಒನೊರೆಯ ರೆಫರಿ ಕೆಲಸ ಹೋಯಿತು. ಪೀಪಾಯಿಗೆ ಕಬ್ಬಿಣದ ಪಟ್ಟಿ ಬಡಿಯುತ್ತಾ, ವಾಲ್ರೆ ಅವತ್ತು ಮೈದಾನದಲ್ಲೇ ಅತ್ತ ಬಗೆಯನ್ನು ಅವನು ಸಾಯುವತನಕ ಬಂದವರಿಗೆಲ್ಲ ಅಭಿನಯಿಸಿ ತೋರಿಸುತ್ತಿದ್ದ.