ದೊಡ್ಡವ್ವ ಆರಿಸಿದ ಕರ್ಪೂರ

ಮೊನ್ನೆ ಮೊಮ್ಮಗಳ ಮದುವೆಯಲ್ಲಿ, ಬೀಗರು ಊಟಕ್ಕೆ ಕೂರುವ ಹೊತ್ತಿಗೆ, ಪಕ್ಕದ ಕುರ್ಚಿಯಿಂದ ಹೊಗೆಸೊಪ್ಪಿನ ವಾಸನೆ ಗಪ್ಪನೆ ಬಡಿಯಿತು. ತಿರುಗಿದರೆ ನನ್ನ ತವರೂರಿನ ಮುದುಕ ತೊಡೆಯ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದ. ಚೀಲದ ಅಂಚಿನ ಕೆಂಪು ಹೊಲಿಗೆ ಕಂಡದ್ದೇ ನನಗೆ ಗುರುತು ಸಿಕ್ಕಿತು. ಅದು ಅವನ ಅಜ್ಜಿಯ ಚೀಲ. ಕಂಪಲಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಆಕೆ ನಮ್ಮ ಪಕ್ಕದ ಮನೆಯವಳು. ಊರಿಗೆಲ್ಲ ದೊಡ್ಡವ್ವ.

ಕೊಡಗಿನ ತೋಟಕ್ಕೆ ಕೂಲಿಗೆ ಹೋದ ಅವಳ ಗಂಡ ತಿರುಗಿ ಬಂದಿರಲಿಲ್ಲ. ಬಂದೇ ಬರುತ್ತಾನೆಂದು ಅವಳು ಕುಂಕುಮ ಇಟ್ಟುಕೊಂಡೇ ಇದ್ದಳು. ಮಗಳು ಹೆರಿಗೆಯಲ್ಲಿ ತೀರಿಕೊಂಡು, ಉಳಿದವನು ಈ ಮೊಮ್ಮಗ ಒಬ್ಬನೇ. ಹಗಲೆಲ್ಲ ಹೊಲದಲ್ಲಿ ದುಡಿಯುವ ಆ ಹೆಂಗಸು ಮದುವೆ ಚಪ್ಪರಕ್ಕೆ ಬಂದಳೆಂದರೆ ಮಹಾರಾಣಿ! ಸೋಬಾನೆ ಪದ ಯಾರಾದರೂ ಹೇಳಿಯಾರು, ಬೀಗರ ಪದ ಮಾತ್ರ ಅವಳದೇ. ಗಂಡಿನ ಕಡೆಯವರು ಎಲೆ ಮುಂದೆ ಕೂತರೋ ಇಲ್ಲವೋ, ಒಬ್ಬೊಬ್ಬರ ಮುಖ ನೋಡಿ, ನಿಂತ ನಿಲುವಿನಲ್ಲೇ ಪದ ಕಟ್ಟಿ ಮಾನ ಹರಾಜು ಹಾಕುತ್ತಿದ್ದಳು. ಬೈಸಿಕೊಂಡವರು ಸಿಟ್ಟಾಗುವ ಹಾಗಿರಲಿಲ್ಲ. ನಕ್ಕು ಎಲೆಯಡಿಕೆ ಕೊಡಬೇಕು. ಪಟೇಲನಿಗೂ ಆಳಿಗೂ ಚಪ್ಪರದೊಳಗೆ ಅದೇ ಕಟ್ಟಳೆ. ಬೈಸಿಕೊಳ್ಳದೆ ನಮ್ಮ ಕಡೆಯ ಬೀಗರು ಎಲೆಗೆ ಕೈ ಹಾಕುತ್ತಲೇ ಇರಲಿಲ್ಲ.

ಅದು ಮಹಾರಾಜರ ಕಾಲ, ಚಳವಳಿಯ ದಿನಗಳು. ಬಿಳಿ ಟೋಪಿ ಹಾಕಿದ ಹುಡುಗರನ್ನು ಹಿಡಿದು ಠಾಣೆಗೆ ತುಂಬುತ್ತಿದ್ದರು. ಒಂದು ಮದುವೆಗೆ ಗಂಡಿನ ಸೋದರಮಾವನಾಗಿ ಬಂದವನು ಆ ಹುಡುಗರನ್ನು ಹಿಡಿಸಿಕೊಟ್ಟ ಶೇಕದಾರ, ಹೋಬಳಿಯ ಕಂದಾಯದ ಅಧಿಕಾರಿ. ದೊಡ್ಡವ್ವ ಬಿಟ್ಟಾಳೆಯೇ? ಬುಟ್ಟಿ ಕಜ್ಜಾಯ ತಿಂದರೂ ಹೊಟ್ಟೆ ತುಂಬದ ಬೀಗ, ಟೋಪಿ ಹುಡುಗರನ್ನೂ ನುಂಗಿ ತೇಗಿದ ಎಂದು ಹಾಡಿಯೇ ಬಿಟ್ಟಳು. ಚಪ್ಪರಕ್ಕೆ ಚಪ್ಪರವೇ ಗೊಳ್ಳೆಂದಿತು. ಶೇಕದಾರ ನಗಲಿಲ್ಲ. ಎಲೆಯ ಮೇಲೇ ಕೈ ತೊಳೆದು ಎದ್ದು ಹೋದ.

ಆಮೇಲೆ ಊರೊಳಗೆ ಹೆದರಿಕೆ ಹೊಕ್ಕಿತು. ಆ ಹೆಂಗಸು ಇನ್ನು ಯಾವ ಚಪ್ಪರದಲ್ಲಿ ಬಾಯಿ ತೆರೆದರೂ ಜೈಲಿಗೆ ಎಂದು ಠಾಣೆಯಿಂದ ಹೇಳಿ ಕಳಿಸಿದರು. ಅವಳು ಜೈಲಿಗೆ ಹೋದರೆ ಆ ಮಗುವಿಗೆ ಯಾರು ದಿಕ್ಕು? ಪಟೇಲರೂ ನಮ್ಮಪ್ಪನೂ ಅವಳನ್ನು ಉಳಿಸಲು ದಾರಿ ಹುಡುಕಿದರು. ಬರೀ ಬುದ್ಧಿಮಾತಿಗೆ ನಿಲ್ಲುವ ಬಾಯಲ್ಲ ಅದು... ಹಾಗಾಗಿ ಮಾರಿಗುಡಿಯ ಮುಂದೆ ಮೊಮ್ಮಗನ ತಲೆಯ ಮೇಲೆ ಕೈ ಇಡಿಸಿ, ಇನ್ನು ಪದ ಹೇಳುವುದಿಲ್ಲವೆಂದು ಪಟೇಲರು ಆಣೆ ಮಾಡಿಸಿದರು. ಆಣೆ ಗಟ್ಟಿಯಾಗಲೆಂದು ಉರಿಯುವ ಕರ್ಪೂರವನ್ನು ಅವಳು ಅಂಗೈಯಲ್ಲಿ ಆರಿಸಿದಳು. ಎಂಥ ಬುದ್ಧಿವಂತರು ನೋಡಿ! ಆಣೆ ಹಾಕಿಸುವುದನ್ನು ಯೋಚಿಸಿದರೇ ಹೊರತು ಬಿಡಿಸುವುದನ್ನು ಒಬ್ಬರೂ ಯೋಚಿಸಲಿಲ್ಲ. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ಅದರ ಹಿಂದೆಯೇ ನನ್ನ ಮದುವೆ ಬಂತು. ಚಪ್ಪರದ ಕಂಬಕ್ಕೆ ಒರಗಿ ಒಬ್ಬ ಪೊಲೀಸಿನವನು ಕೂತಿದ್ದ. ದೊಡ್ಡವ್ವ ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಹೆಂಗಸರ ನಡುವೆ ಇದ್ದಳು. ಬೀಗರು ಎಲೆ ಮುಂದೆ ಕೈ ಕಟ್ಟಿ ಕಾದರು. ಬಡಿಸಿದ ಅನ್ನ ಆರುತ್ತಿತ್ತು. ಹಸೆಯ ಮೇಲೆ ಕೂತ ನನಗೆ ಗಂಡನ ಮುಖ ನೋಡುವ ನಾಚಿಕೆಯೆಲ್ಲ ಮರೆತೇಹೋಗಿತ್ತು. ದೊಡ್ಡವ್ವನ ತುಟಿಯನ್ನೇ ನೋಡುತ್ತಿದ್ದೆ. ತುಟಿ ಅಲುಗಿದಾಗಲೆಲ್ಲ ಪೊಲೀಸಿನವನ ಕಡೆ ಕಣ್ಣು ಹಾಯಿಸುತ್ತಿದ್ದೆ. ಅವಳು ಹಾಡಿಬಿಟ್ಟರೆ ಎಂಬ ಭಯ, ಹಾಡದೇ ಹೋದರೆ ಎಂಬ ಸಂಕಟ...

ಕೊನೆಗೆ ನನ್ನ ಅತ್ತೆಯೇ ಬಾಯಿಬಿಟ್ಟರು. "ನಮ್ಮನ್ನ ಬೈಯಾಕೂ ಯಾರೂ ಇಲ್ವಾ ಈ ಊರ್ನಲ್ಲಿ?"

ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹಿತ್ತಿಲಿಗೆ ಹೋದಳು. ಅಪ್ಪ ಕೈಮುಗಿದು ನಡೆದದ್ದನ್ನು ಹೇಳಿದರು. ಬೀಗರು ತಲೆ ತಗ್ಗಿಸಿ ಉಂಡರು.

ಮುಂದೆ ಸ್ವಾತಂತ್ರ್ಯ ಬಂತು. ಚಾವಡಿಯ ಮುಂದೆ ಬಾವುಟ ಏರಿತು. ಟೋಪಿ ಹುಡುಗರಿಗೆ ಹಾರ ಹಾಕಿದರು. ತವರಿಗೆ ಬಂದವಳು ನಾನು ನೇರ ಅವಳ ಜಗುಲಿಗೆ ಹೋಗಿ, ಇನ್ನೇನು ಭಯ, ನನ್ನ ಮದುವೆಯ ಬಾಕಿ ಪದ ಈಗ ಹೇಳು ಎಂದು ಕಾಡಿದೆ. ದೊಡ್ಡವ್ವ ಪಕ್ಕದಲ್ಲಿದ್ದ ಮೊಮ್ಮಗನ ತಲೆ ಸವರಿದಳು.

"ಆ ಸರ್ಕಾರ ಓಯ್ತು, ಸರಿ ಕಣವ್ವ. ಈ ತಲೆ ಇಲ್ಲೇ ಅದಲ್ಲ."

ಆಣೆ ಬಿಡಿಸಬಹುದೇ ಎಂದು ಪೂಜಾರಿಯನ್ನೂ ಕೇಳಿದೆ. ಹಾಕಿಸಿದವರೇ ಬಿಡಿಸಬೇಕು ಎಂದ. ಪಟೇಲರು ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಹುಡುಗನಿಗೆ ಸ್ವಲ್ಪ ಮೈ ಬಿಸಿಯಾದರೂ, ನಿದ್ದೆಯಲ್ಲೇನಾದರೂ ಪದ ಹೇಳಿದೆನೋ ಎಂದು ಅವಳು ಅಕ್ಕಪಕ್ಕದವರನ್ನು ಕೇಳುತ್ತಿದ್ದಳಂತೆ. ಹಾಗೆಯೇ ಹೋಗಿಬಿಟ್ಟಳು...

ಆ ಹುಡುಗನೇ ಮೊನ್ನೆ ನನ್ನ ಪಕ್ಕ ಕೂತಿದ್ದ ಮುದುಕ. ತಲೆ ಪೂರ್ತಿ ನೆರೆತಿದೆ. ಎಲೆಗೆ ಸುಣ್ಣ ಹಚ್ಚುತ್ತಾ, "ಅಜ್ಜಿ ನನ್ ತಲೆ ಕಾದ್‌ಬುಟ್ಳು ಕಣಕ್ಕಾ. ಪದ ಒಂದೂ ಉಳೀನಿಲ್ಲ," ಎಂದ.

ನಾನು ತಲೆ ಎತ್ತಿ ನೋಡಿದೆ. ಎದುರಿನ ಪಂಕ್ತಿಯಲ್ಲಿ ಬೀಗರು ಆಗಲೇ ಪಾಯಸಕ್ಕೆ ಬಂದಿದ್ದರು. ಅವರು ಯಾರನ್ನೂ ಕಾದಿರಲಿಲ್ಲ.